ಮೂರು ದಿನ ನೋಡೋಣ

ಜನವರಿ ೧೧, ಭಾನುವಾರ

ಚಿಕ್ಕವಳಿಗೆ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಚೆನ್ನಾಗಿರದೆ ಏನು, ತಲೆನೋವನ್ನೆಲ್ಲ ನನ್ನ ತಲೆಗೆ ಕಟ್ಟಿ ಹೋದವಳು ನೀನು.

ಕಾಗದ ಬರೆಯಲು ಮೂರು ವಾರ ತಡವಾಯಿತು, ಅದಕ್ಕೆ ಕ್ಷಮೆ ಇರಲಿ. ಕೆಲಸ ಹೆಚ್ಚಾಗಿ ತಡವಾದದ್ದಲ್ಲ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಬೈಗುಳ ಬಿಟ್ಟು ಬೇರೇನೂ ಬರಲಿಲ್ಲ, ಹರಿದು ಹಾಕಿದೆ. ಇದರಲ್ಲೂ ಬೈಗುಳವೇ ಇರುತ್ತದೆ, ಆದರೆ ಇದನ್ನು ಹರಿಯುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. "ಮೆಸೇಜ್ ಮಾತ್ರ ಮಾಡಬೇಡಿ, ನಾಳೆ ಅದನ್ನೇ ಪ್ರಿಂಟ್ ಹಾಕಿ ತಂದು ಎದುರಿಗೆ ಇಡ್ತಾರೆ" ಎಂದು ನಮ್ಮ ವಕೀಲರು ಹೇಳಿದ್ದಾರೆ. ಕಾಗದದ ವಿಷಯ ಅವರು ಏನೂ ಹೇಳಲಿಲ್ಲ. ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಲಾಂಡ್ರಿ ನಡೆಯುತ್ತಿದೆ. ನೀನಿಲ್ಲದೆ ನಿಂತುಹೋಗುತ್ತದೆ ಎಂದುಕೊಂಡಿದ್ದರೆ ಆ ಆಸೆ ಬಿಡು. ಮೂರು ಆಸ್ಪತ್ರೆ, ಎರಡು ಹೋಟೆಲಿನ ಬೆಡ್‌ಶೀಟುಗಳು ಬೆಳಗ್ಗೆ ಏಳಕ್ಕೆ ಬಂದು ಬೀಳುತ್ತವೆ, ಸಂಜೆ ಐದಕ್ಕೆ ಮಡಿಸಿಕೊಂಡು ಹೋಗುತ್ತವೆ. ದೊಡ್ಡ ರೋಲರಿಗೆ ಇಬ್ಬರು ಹೊಸಬರನ್ನು ಹಾಕಿದ್ದೇನೆ. ಬಾಯ್ಲರ್ ಮೇಸ್ತ್ರಿ ಅವರನ್ನು ಸ್ವಲ್ಪ ಹೊತ್ತು ನೋಡಿ, "ಇವ್ರು ಇಸ್ತ್ರಿ ಮಾಡ್ತಿದ್ದಾರೋ ಬೆಡ್‌ಶೀಟಿಗೆ ಸಮಾಧಾನ ಹೇಳ್ತಿದ್ದಾರೋ ಗೊತ್ತಾಗ್ತಿಲ್ಲ" ಎಂದ. ಇಬ್ಬರೂ ಸೇರಿದರೂ ಗಡಿಯಾರದ ಒಂದು ಕೈಗೆ ಸಮ ಇಲ್ಲ. ಬರೆದ ಮೇಲೆ ಹೊಳೆಯಿತು, ಈ ಮಾತು ಬರೆಯಬಾರದಿತ್ತು. ಇರಲಿ, ಹೊಡೆದು ಹಾಕುವುದಿಲ್ಲ.

ಗಡಿಯಾರ ಎಂದು ಅವಳಿಗೆ ಹೆಸರಿಟ್ಟದ್ದು ಅಮ್ಮ. ಹತ್ತೊಂಬತ್ತು ವರ್ಷ, ಬೆಳಗ್ಗೆ ಎಂಟು ಹೊಡೆಯುವಾಗ ಅವಳ ಕಾಲು ಹೊಸಿಲ ಒಳಗೆ. ಅವಳ ಮದುವೆಯ ಮರುದಿನವೂ ಎಂಟಕ್ಕೇ ಬಂದಿದ್ದಳು, ಅಮ್ಮನೇ ಬೈದು ವಾಪಸ್ ಕಳಿಸಿದ್ದಳು. ಅವಳ ಮೇಲೆ ನನಗೆ ಪ್ರೀತಿಯಿಲ್ಲ ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಅವಳ ಜೊತೆ ನಾನು ತಿಂದಷ್ಟು ಊಟ ನಿನ್ನ ಜೊತೆ ತಿಂದಿಲ್ಲ.

ಡಿಸೆಂಬರ್ ಎಂಟರ ಸೋಮವಾರ ನಾವಿಬ್ಬರೂ ಅಲ್ಲೇ ಇದ್ದೆವು. ಬೆಡ್‌ಶೀಟಿನ ಮೂಲೆ ಮಡಚಿಕೊಂಡಿತೆಂದು ಅವಳು ಬಲಗೈ ಚಾಚಿದಳು, ಅಂಗೈ ಬಿಸಿ ರೋಲರಿಗೆ ತಗಲಿತು, ತಡೆಪಟ್ಟಿ ಮುಟ್ಟಿದ ಕೂಡಲೇ ಯಂತ್ರ ನಿಂತಿತು. ಯಂತ್ರದಲ್ಲಿ ದೋಷವಿರಲಿಲ್ಲ. ಅದನ್ನು ಕಾರ್ಖಾನೆ ಇನ್‌ಸ್ಪೆಕ್ಟರೂ ಬರೆದುಕೊಟ್ಟಿದ್ದಾರೆ. ಅವಳ ಕೈಯನ್ನು ಅರ್ಧ ಗಂಟೆ ನಲ್ಲಿಯ ಕೆಳಗೆ ಹಿಡಿದದ್ದು ಯಾರು? ನಾನು. ಮುಲಾಮು ಹಚ್ಚಿ ಪಟ್ಟಿ ಕಟ್ಟಿದ್ದು ಯಾರು? ನಾನು. "ಡಾಕ್ಟರ ಹತ್ರ ಕಳಿಸೋಣ ಅಕ್ಕ" ಎಂದು ನೀನು ಅಂದೆ, ಹೌದು. ಒಂದೇ ಸಲ ಅಂದೆ. ನಾನು "ಮೂರು ದಿನ ನೋಡೋಣ" ಎಂದೆ. ನೀನು ಸುಮ್ಮನಾದೆ. ಆಗ ಸುಮ್ಮನಾದವಳಿಗೆ ಆಮೇಲೆ ಇಷ್ಟುದ್ದದ ನಾಲಿಗೆ ಎಲ್ಲಿಂದ ಬಂತು?

ಮೂರು ದಿನ ಎನ್ನುವುದು ನಾನು ನಿನ್ನೆ ಮೊನ್ನೆ ಹುಟ್ಟಿಸಿದ ನಿಯಮವಲ್ಲ. ಲಾಂಡ್ರಿಯಲ್ಲಿ ಕೈ ಸುಡದ ದಿನ ಯಾವುದಿದೆ? ಸುಟ್ಟರೆ ನೀರು, ಮುಲಾಮು, ಪಟ್ಟಿ. ಆಮೇಲೆ ಮೂರು ದಿನ ರೋಲರ್ ಬಿಟ್ಟು ಎಣಿಕೆಯ ಮೇಜಿನ ಹತ್ತಿರ ಕೂರುವುದು. ಅಷ್ಟರಲ್ಲಿ ವಾಸಿಯಾಗದಿದ್ದರೆ ಮಾತ್ರ ಗಾಯದ ಪುಸ್ತಕದಲ್ಲಿ ಬರೆದು ಡಾಕ್ಟರ ಹತ್ತಿರ ಕಳಿಸುವುದು. ಹೊಸಬರು ಬಂದ ಮೊದಲ ದಿನವೇ ಅಮ್ಮ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹೇಳುತ್ತಿದ್ದಳಲ್ಲ, "ನನ್ನ ದೊಡ್ಡವಳಿಗೆ ಆಗ ಹದಿನೈದು ವರ್ಷ, ಎಡಗೈ ಪೂರ್ತಿ ಸುಟ್ಕೊಂಡಿದ್ಲು, ಮೂರೇ ದಿನಕ್ಕೆ ವಾಸಿಯಾಯ್ತು, ಹೆದರ್ಕೋಬೇಡಿ" ಎಂದು. ಈಗ ಆ ಮಾತನ್ನು ನಾನೇ ಹೇಳುತ್ತೇನೆ. ಇಪ್ಪತ್ತೆರಡು ವರ್ಷದ ಗಾಯದ ಪುಸ್ತಕದಲ್ಲಿ ಹನ್ನೊಂದೇ ಸಾಲು ಇರುವುದು ಸುಮ್ಮನೆ ಅಲ್ಲ.

ಗುರುವಾರ ಬೆಳಗ್ಗೆ ನಾನೇ ಅವಳ ಹತ್ತಿರ ಹೋಗಿ "ಹೇಗಿದೆ?" ಎಂದು ಕೇಳಿದೆ. "ಪರವಾಗಿಲ್ಲ ಅಕ್ಕ, ವಾಸಿ ಆಗಿದೆ" ಎಂದಳು. ಪಟ್ಟಿ ಬಿಚ್ಚಿ ನೋಡಲಿಲ್ಲ ಎನ್ನುವುದು ನಿನ್ನ ದೂರು. ವಾಸಿಯಾಗಿದೆ ಎಂದವಳ ಪಟ್ಟಿ ಬಿಚ್ಚಿಸಲು ನಾನೇನು ಪೊಲೀಸೇ? ಶುಕ್ರವಾರ ಜ್ವರ ಏರಿತು, ಆಸ್ಪತ್ರೆಗೆ ಸೇರಿಸಿದರು, ಮುಂದಿನ ಬುಧವಾರ ಎರಡು ಬೆರಳು ತೆಗೆದರು. ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ನೀನೂ ಅಲ್ಲೇ ಇದ್ದೆ. ನನ್ನ ಪಕ್ಕ ಕೂರದೆ ಮೂರು ಮೆಟ್ಟಿಲು ಮೇಲೆ ಹೋಗಿ ಕೂತೆ.

ಆಮೇಲೆ ನೀನು ಮಾಡಿದ್ದೇನು? ಯೋಗಕ್ಷೇಮ ನೋಡಿಕೊಳ್ಳುವವಳು ಎಂದು ಆ ಪುಸ್ತಕವನ್ನು ನಿನ್ನ ಕೈಗೆ ಕೊಟ್ಟಿದ್ದೆ. ಅದರಲ್ಲಿ ಹನ್ನೆರಡನೇ ಸಾಲು ಬರೆದೆ. "ಡಿಸೆಂಬರ್ ೮, ಬೆಳಗ್ಗೆ ಹತ್ತೂಕಾಲು, ದೊಡ್ಡ ರೋಲರ್, ಬಲಗೈ ಅಂಗೈ ಮತ್ತು ಎರಡು ಬೆರಳು. ಹತ್ತೂವರೆಗೆ ದೊಡ್ಡಕ್ಕನಿಗೆ ಗೊತ್ತು." ಅದರ ನಕಲು ತೆಗೆದು ಪರಿಹಾರದ ಕಚೇರಿಗೆ ಕೊಟ್ಟು, ಕೆಲಸ ಬಿಟ್ಟೆ ಎಂದು ಒಂದು ಚೀಟಿ ನನ್ನ ಮೇಜಿನ ಮೇಲಿಟ್ಟು ಹೋದೆ. ನಾನು ಕಚೇರಿಗೆ ಕೊಟ್ಟ ಅರ್ಜಿಯಲ್ಲಿ, ಗಾಯ ಎಲ್ಲಿ ಆಯಿತೋ ತಿಳಿಯದು, ಶುಕ್ರವಾರ ನಮ್ಮ ಗಮನಕ್ಕೆ ಬಂತು ಎಂದಿದೆ. ಹಾಗೆ ಬರೆಯಲು ಹೇಳಿದ್ದು ವಿಮೆ ಕಂಪನಿಯವನು. ಸೋಮವಾರವೇ ಗೊತ್ತಿತ್ತು ಎಂದಾದರೆ, ನಾವು ತಕ್ಷಣ ತಿಳಿಸಲಿಲ್ಲವೆಂದು ಕಂಪನಿಯವರು ಕೈ ತೊಳೆದುಕೊಳ್ಳುತ್ತಾರೆ, ಪರಿಹಾರವೆಲ್ಲ ನಮ್ಮ ತಲೆಗೆ. ಆಸ್ಪತ್ರೆಯವರು ಗುತ್ತಿಗೆ ಕಿತ್ತುಕೊಳ್ಳುತ್ತಾರೆ. ಮೂವತ್ತೊಂದು ಜನ ಮನೆಗೆ ಹೋಗುತ್ತಾರೆ. ಒಬ್ಬಳ ಮೇಲಿನ ಕನಿಕರದಲ್ಲಿ ಮೂವತ್ತೊಂದು ಜನರ ಅನ್ನಕ್ಕೆ ಕಲ್ಲು ಹಾಕುವುದಕ್ಕೆ ನೀನು ಇಟ್ಟುಕೊಂಡಿರುವ ಹೆಸರು ನ್ಯಾಯ.

ಕೆಲಸಗಾರರ ಸ್ವಾಸ್ಥ್ಯಕ್ಕೆ ನಾನೇನೂ ಮಾಡಲಿಲ್ಲವೇ? ತಣ್ಣೀರಿನ ಯಂತ್ರ ತಂದೆ. ಬೆನ್ನಿಗೆ ಆನಿಸಿಕೊಳ್ಳುವ ಕುರ್ಚಿ ತಂದೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಇಟ್ಟೆ. ನೀನು ಹೇಳಿದೆಯೆಂದು ಬುಧವಾರ ಬುಧವಾರ ಆ ಪೀಪಿ ಊದುವ ವ್ಯಾಯಾಮದವಳನ್ನೂ ಕರೆಸಿದೆ. ದಿನವಿಡೀ ಒದ್ದೆ ಬೆಡ್‌ಶೀಟು ಎತ್ತುವವರಿಗೆ ಅವಳು ಕೈ ಮೇಲೆತ್ತಿ ಎಂದಾಗ ಗಡಿಯಾರ ಏನಂದಳು ನೆನಪಿದೆಯೇ? "ಎತ್ತೋದು ಬೆಳಗ್ಗಿನಿಂದ ಎತ್ತುತ್ತಾನೇ ಇದ್ದೀವಿ, ಇಳಿಸೋದು ಹೇಳ್ಕೊಡಿ." ಎಲ್ಲರೂ ನಕ್ಕರು, ನಾನೂ ನಕ್ಕೆ. ಬೆರಳು ಅಗಲಿಸಿ ಮುಷ್ಟಿ ಬಿಗಿಯಿರಿ ಎಂದು ಆ ಪೀಪಿಯವಳು ನನ್ನ ಕಡೆಗೂ ತಿರುಗಿದಳು. ಕೈಯಲ್ಲಿ ಬೀಗದ ಕೈ ಗೊಂಚಲಿದೆ, ನನಗೆ ಕೆಲಸವಿದೆ ಎಂದು ನಾನು ಹೊರಗೆ ಹೋದೆ. ನೀನು ನನ್ನನ್ನೇ ನೋಡುತ್ತಿದ್ದೆ. ಹಾಗೆ ನೋಡುವುದನ್ನು ನಿಲ್ಲಿಸು ಎಂದು ಎಷ್ಟು ಸಲ ಹೇಳಿದ್ದೇನೆ.

ವಿಚಾರಣೆ ಫೆಬ್ರವರಿ ಹದಿನಾರಕ್ಕೆ. ನೀನು ಬಂದು ಆ ಸಾಲು ನಿಜ ಎಂದರೆ ಅವಳ ಕ್ಲೇಮು ಗೆಲ್ಲುತ್ತದೆ. ನೀನು ಬರದಿದ್ದರೆ ಅದು ಬರೀ ಒಂದು ನಕಲು ಹಾಳೆ. ಹಾಗಾಗಿ ಬರಬೇಡ. ಇಷ್ಟೇ ನಾನು ಕೇಳುವುದು.

ನಿನ್ನ ಅಕ್ಕ


ಜನವರಿ ೨೫, ಭಾನುವಾರ

ಚಿಕ್ಕವಳಿಗೆ,

ನಾನು ಆರು ಹಾಳೆ ಬರೆದರೆ ನೀನು ಒಂದು ಸಾಲಿನ ಉತ್ತರ ಕಳಿಸುತ್ತೀಯ. ಅದೂ ಪ್ರಶ್ನೆ. "ಅಕ್ಕ, ಅವಳ ರಕ್ತ ಪರೀಕ್ಷೆಯ ವರದಿ ಇನ್ನೂ ನಿನ್ನ ಡ್ರಾಯರಿನಲ್ಲೇ ಇದೆಯಾ?" ಹೇಗಿದ್ದೀಯ ಎಂದಿಲ್ಲ, ಕೆಮ್ಮು ಹೋಯಿತೇ ಎಂದಿಲ್ಲ. ಕೋರ್ಟಿನಲ್ಲಿ ನಿಂತ ವಕೀಲನೂ ಮೊದಲು ನಮಸ್ಕಾರ ಹೇಳುತ್ತಾನೆ. ಈ ಕೋಪಕ್ಕೇ ಹತ್ತು ದಿನ ಉತ್ತರ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಅಥವಾ ತಿಳಿದುಕೋ.

ಇಲ್ಲ, ಅದು ಡ್ರಾಯರಿನಲ್ಲಿಲ್ಲ. ವಿಮೆಯವನ ಕೈಯಲ್ಲಿದೆ. ಕಳೆದ ಸೋಮವಾರ ಬಂದಿದ್ದ. ಕೂತ ಕೂಡಲೇ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಅವನಿಗೆ, ನನಗೂ ಒಂದು ಕೊಡುತ್ತಾನೆ. ನೌಕರರ ಆರೋಗ್ಯದ ಕಾಗದ ಏನಾದರೂ ಇದೆಯೇ ಎಂದು ಕೇಳಿದ. ಸೆಪ್ಟೆಂಬರಿನ ಪರೀಕ್ಷೆಯ ಲಕೋಟೆಗಳು ಬಂದದ್ದು ಬಂದ ಹಾಗೇ ಇದ್ದವು, ಒಂದಕ್ಕೂ ಅಂಟು ಬಿಟ್ಟಿರಲಿಲ್ಲ. ಅವನೇ ಒಡೆದು ನೋಡಿದ. ಗಡಿಯಾರದ ಲಕೋಟೆಯಲ್ಲಿ ಸಕ್ಕರೆಯ ಅಂಶದ ಎದುರು ಕೆಂಪು ಗೆರೆ ಎಳೆದಿದ್ದರು. ತಕ್ಷಣ ವೈದ್ಯರನ್ನು ಕಾಣಿ ಎಂದು ಕೆಳಗೆ ಬರೆದಿತ್ತು. ಅವನ ಮುಖ ಅರಳಿತು. "ಮೇಡಂ, ಬೆರಳು ಹೋಗಿದ್ದು ಸುಟ್ಟಿದ್ದಕ್ಕಲ್ಲ, ಸಕ್ಕರೆ ಕಾಯಿಲೆಯಿಂದ. ನಿಮ್ಮ ಸ್ವಾಸ್ಥ್ಯ ಕಾರ್ಯಕ್ರಮ ನಿಮ್ಮನ್ನ ಉಳಿಸ್ತು ನೋಡಿ" ಎಂದ.

ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ನುಂಗಿಬಿಟ್ಟೆ.

ನೀನು ಏನು ಹೇಳುತ್ತೀಯ ಎಂದು ಗೊತ್ತು. ಲಕೋಟೆ ಹಂಚು ಎಂದು ನೀನು ನವೆಂಬರಿನಲ್ಲಿ ಎರಡು ಸಲ ಜ್ಞಾಪಿಸಿದ್ದೆ. ಹೋಟೆಲಿನವರ ಗಲಾಟೆಯಲ್ಲಿ ಮರೆತೆ. ಮರೆಯುವುದು ಅಪರಾಧವೇ? ನೀನೇ ಡ್ರಾಯರ್ ತೆಗೆದು ಹಂಚಬಹುದಿತ್ತಲ್ಲ. "ಡ್ರಾಯರಿಗೆ ಬೀಗ ಹಾಕಿರ್ತೀಯ, ಬೀಗದ ಕೈ ಯಾವತ್ತೂ ನಿನ್ನ ಮುಷ್ಟಿಯಲ್ಲೇ ಇರುತ್ತೆ" ಎನ್ನುತ್ತೀಯ. ಸರಿ, ಇರುತ್ತದೆ. ಏನೀಗ?

ಅವಳ ಗಂಡ ಬಂದಿದ್ದ. ಬಡಗಿ, ಗೊತ್ತಲ್ಲ, ನಮ್ಮ ಎಣಿಕೆಯ ಮೇಜು ಮಾಡಿಕೊಟ್ಟವನು. ಒಳಗೆ ಕರೆದರೆ ಬರಲಿಲ್ಲ. ಬಾಗಿಲಲ್ಲೇ ನಿಂತು ಆ ಮೇಜನ್ನೇ ನೋಡುತ್ತ ಮಾತಾಡಿದ. "ನಂಗೂ ಉಳಿ ತಗಲಿದೆ, ಗರಗಸ ತಗಲಿದೆ. ಆವತ್ತೇ ಓಡ್ತೀವಿ. ಮೂರು ದಿನ ಕಾಯಿರಿ ಅಂತ ನಿಮಗೆ ಯಾವ ಡಾಕ್ಟರ್ ಹೇಳ್ಕೊಟ್ಟಿದ್ದು?"

"ಡಾಕ್ಟರ್ ಅಲ್ಲ, ನನ್ನ ಕೈಯೇ ಹೇಳ್ಕೊಟ್ಟಿದ್ದು" ಎಂದೆ.

"ಹಾಗಾದ್ರೆ ನಿಮ್ಮ ಕೈ ದೊಡ್ಡ ಕೈ. ನನ್ನವಳು ಬುಧವಾರ ರಾತ್ರಿಯೆಲ್ಲ ನರಳಿದ್ಲು. ಆಸ್ಪತ್ರೆಗೆ ನಡಿ ಅಂದ್ರೆ, ನಾಳೆ ದೊಡ್ಡಕ್ಕ ಕೇಳ್ತಾರೆ, ವಾಸಿ ಆಗಿಲ್ಲ ಅಂದ್ರೆ ಪುಸ್ತಕದಲ್ಲಿ ಬರೀಬೇಕಾಗುತ್ತೆ, ನನ್ನಿಂದ ಲಾಂಡ್ರಿಗೆ ಕೆಟ್ಟ ಹೆಸರು ಬೇಡ ಅಂದ್ಲು."

ಅವನ ಮುಖಕ್ಕೆ ಹೊಡೆದಂತೆ ಮಾತಾಡಿ ಕಳಿಸಿದೆ. ನಿಮ್ಮವಳ ಕಾಯಿಲೆಗೆ ನಾನು ಜವಾಬ್ದಾರಳಲ್ಲ, ಸಕ್ಕರೆ ಇಟ್ಟುಕೊಂಡವರು ತಾವೇ ನೋಡಿಕೊಳ್ಳಬೇಕು ಎಂದೆ. "ಸಕ್ಕರೆಯಾ? ಯಾವ ಸಕ್ಕರೆ?" ಎಂದು ಅವನು ಕೇಳಿದ. ಅಲ್ಲಿಯವರೆಗೂ ಅವರಿಗೆ ಗೊತ್ತಿರಲಿಲ್ಲ, ಆಸ್ಪತ್ರೆಯವರು ಇವರಿಗೆ ತಿಳಿಯುವ ಹಾಗೆ ಹೇಳಿರಲಿಲ್ಲ. ಬಾಯ್ಲರ್ ಮೇಸ್ತ್ರಿ ಅಲ್ಲೇ ಇದ್ದ. ಆ ದಿನದಿಂದ ಅವನು ನನ್ನ ಜೊತೆ ಚಹಾ ಕುಡಿಯುವುದನ್ನು ಬಿಟ್ಟಿದ್ದಾನೆ. ಅವನ ಚಹಾಕ್ಕಾಗಿ ನಾನು ಕಾದು ಕೂತಿಲ್ಲ.

ಗೋಡೆಯ ಮೇಲಿನ ಆ ಪ್ರಶಸ್ತಿ ಪತ್ರವನ್ನು, ಅದೇ ಆರೋಗ್ಯಕರ ಕೆಲಸದ ತಾಣ ಎಂದು ಕೊಟ್ಟರಲ್ಲ, ಯಾರೋ ಗೋಡೆಯ ಕಡೆ ಮುಖ ಮಾಡಿ ತಿರುಗಿಸಿ ಹಾಕಿದ್ದಾರೆ. ಯಾರೆಂದು ಕೇಳಿದೆ, ಮೂವತ್ತೊಂದು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನೀನು ಬಿತ್ತಿ ಹೋದದ್ದು ಚೆನ್ನಾಗಿ ಬೆಳೆದಿದೆ, ಸಂತೋಷಪಡು.

ಹದಿನಾರಕ್ಕೆ ಬರಬೇಡ ಎಂದು ಮತ್ತೆ ಹೇಳುತ್ತಿದ್ದೇನೆ. ಬಂದರೆ ಅಮ್ಮನ ಮೇಲಾಣೆ, ಈ ಮನೆಯ ಬಾಗಿಲು ನಿನಗೆ ಮುಚ್ಚಿತು ಎಂದು ತಿಳಿ.

ಅಕ್ಕ


ಫೆಬ್ರವರಿ ೮, ಭಾನುವಾರ

ಪುಟ್ಟಿ,

ಈ ಸಲ ನಿನ್ನಿಂದ ಒಂದು ಸಾಲೂ ಬರಲಿಲ್ಲ. ಬಾಗಿಲು ಮುಚ್ಚುತ್ತೇನೆ ಎಂದದ್ದಕ್ಕೆ ಕೋಪ ಬಂದಿರಬೇಕು. ಬರಲಿ. ನನಗೆ ಬಂದದ್ದು ಇನ್ನೂ ಇಳಿದಿಲ್ಲ. ನಾನೂ ತಡಮಾಡಿದೆ, ಬರೆಯಲು ಕೂತರೆ ಪೆನ್ನು ಓಡುತ್ತಿರಲಿಲ್ಲ.

ಸುದ್ದಿ ಹೇಳುತ್ತೇನೆ. ವಿಮೆಯವನು ಒಂದು ಉಪಾಯ ಹೇಳಿಕೊಟ್ಟಿದ್ದ. "ಅವರಿಗೆ ಹಗುರ ಕೆಲಸ ಕೊಡಿ ಮೇಡಂ. ಒಂದು ದಿನ ಬಂದು ಕೂತರೂ ಸಾಕು, ಕೆಲಸಕ್ಕೆ ಮರಳಿದ್ದಾರೆ ಅಂತ ದಾಖಲೆ ಆಗುತ್ತೆ. ದುಡಿಯೋ ಶಕ್ತಿ ಹೋಗಿಲ್ಲ ಅಂತ ವಾದ ಮಾಡಬಹುದು." ನಾನು ಗಡಿಯಾರಕ್ಕೆ ಹೇಳಿ ಕಳಿಸಿದೆ. ಗಂಡ ಬಿಡಲಿಕ್ಕಿಲ್ಲ, ಬರುವುದಿಲ್ಲ ಎಂದುಕೊಂಡಿದ್ದೆ.

ಗುರುವಾರ ಎಂಟು ಹೊಡೆಯುವಾಗ ಬಂದಳು.

ಸೊರಗಿಹೋಗಿದ್ದಾಳೆ. ಬಲಗೈಯನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡಿದ್ದಳು, ಅದು ನಮ್ಮ ಲಾಂಡ್ರಿಯದೇ ಹಳೆಯ ಟವೆಲು. ನೇರವಾಗಿ ಎಣಿಕೆಯ ಮೇಜಿಗೆ ಹೋಗಿ ಕೂತಳು. ದಿಂಬಿನ ಕವರುಗಳನ್ನು ಎಡಗೈಯಲ್ಲಿ ಎಣಿಸಿ ಹತ್ತು ಹತ್ತರ ಕಟ್ಟು ಮಾಡುವುದು ಅವಳ ಕೆಲಸ. ಎಣಿಸುವುದು ಬಂತು, ಕಟ್ಟುವುದು ಬರಲಿಲ್ಲ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಗಂಟು ಹಾಕಿದಳು. ರೋಲರಿನ ಹತ್ತಿರ ಇದ್ದವರೆಲ್ಲ ಅದನ್ನು ನೋಡಿಯೂ ನೋಡದವರ ಹಾಗೆ ಇದ್ದರು.

ನಾನು ಕಚೇರಿಯ ಗಾಜಿನ ಹಿಂದೆ ಕೂತು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಅವಳೇ ಎದ್ದು ಬಂದಳು. ಬೈಯಲು ಬಂದಳು ಎಂದುಕೊಂಡೆ, ನಾನೂ ಬಾಯಲ್ಲಿ ಉತ್ತರ ಸಿದ್ಧಮಾಡಿಕೊಂಡೆ. ಅವಳು ಬೈಯಲಿಲ್ಲ. ಎದುರಿನ ಕುರ್ಚಿಯ ತುದಿಯಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಅಕ್ಕ, ಒಂದು ಮಾತು ಕೇಳ್ಲಾ? ಸಿಟ್ಟಾಗಬೇಡಿ. ನಿಮ್ಮ ಕೈಗೆ ಆವಾಗ ಏನು ಹಚ್ಚಿದ್ರಿ? ನೀವು ಕೊಟ್ಟ ಮುಲಾಮನ್ನೇ ನಾನೂ ಹಚ್ಚಿದ್ದೆ. ನೀವು ಹೇಳಿದ ಹಾಗೇ ನೀರು ತಾಗಿಸಲಿಲ್ಲ. ಮೂರು ದಿನ ಆದ್ಮೇಲೂ ಯಾಕೆ ಆಗ್ಲಿಲ್ಲ ಅಂತ ದಿನಾ ಯೋಚ್ನೆ ಮಾಡ್ತೀನಿ. ನನ್ನ ಮೈಯೇ ಸರಿಯಿಲ್ಲ ಅನ್ಸುತ್ತೆ."

"ಸಕ್ಕರೆ ಇತ್ತಲ್ಲ ನಿಂಗೆ" ಎಂದೆ.

"ಹೂಂ, ನಮ್ಮನೆಯವರೂ ಬಂದು ಹಾಗೇ ಅಂದ್ರು. ಆದ್ರೂ ಗುರುವಾರ ನೀವು ಕೇಳ್ದಾಗ ವಾಸಿ ಆಗಿದೆ ಅಂತ ಸುಳ್ಳು ಹೇಳ್ಬಿಟ್ಟೆ. ನಿಮ್ಗೆ ಆಗಿದ್ದು ನಂಗ್ಯಾಕೆ ಆಗಲ್ಲ ಅಂತ ನಾಚಿಕೆ ಆಯ್ತು. ಅದು ನನ್ನ ತಪ್ಪು ಅಕ್ಕ. ವಿಚಾರಣೇಲಿ ಕೇಳಿದ್ರೆ ಹಾಗೇ ಹೇಳ್ತೀನಿ, ನಿಮ್ಮ ಮೇಲೆ ಹಾಕಲ್ಲ."

ಕೇಳಿದೆಯಾ? ಅವಳೇ ಒಪ್ಪಿಕೊಳ್ಳುತ್ತಾಳೆ. ವಿಮೆಯವನಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ನಾವು ಗೆದ್ವಿ ಮೇಡಂ" ಎಂದ. ನೀನು ಬಂದರೂ ಬಿಟ್ಟರೂ ಈಗ ದೊಡ್ಡ ವ್ಯತ್ಯಾಸವಿಲ್ಲ. ಗಾಯವಾದವಳೇ ನನ್ನ ತಪ್ಪು ಎಂದಮೇಲೆ ನಿನ್ನ ಹನ್ನೆರಡನೇ ಸಾಲಿಗೆ ಯಾರು ಬೆಲೆ ಕೊಡುತ್ತಾರೆ? ನಿನಗೆ ಗೆಲ್ಲುವ ಚಪಲ, ನನಗೆ ಉಳಿಯುವ ಚಿಂತೆ. ಕೊನೆಗೆ ಯಾರು ಉಳಿದರು ನೋಡು. ಇನ್ನಾದರೂ ಹಟ ಬಿಟ್ಟು ವಾಪಸ್ ಬಾ. ನಿನ್ನ ಮೇಜು ಹಾಗೇ ಇದೆ. ಅದರ ಮೇಲೆ ಯಾರೂ ಏನೂ ಇಡದ ಹಾಗೆ ನೋಡಿಕೊಂಡಿದ್ದೇನೆ, ನನಗೇ ಯಾಕೆಂದು ಗೊತ್ತಿಲ್ಲ.

ಸಂಜೆ ಐದಕ್ಕೆ ಅವಳು ಹೊರಟಳು. ಹೋಗುವಾಗ ರೋಲರಿನ ಹತ್ತಿರ ನಿಂತು, ಹೊಸಬಳೊಬ್ಬಳಿಗೆ ಬೆಡ್‌ಶೀಟಿನ ಮೂಲೆ ಹೇಗೆ ಹಿಡಿಯಬೇಕೆಂದು ಎಡಗೈಯಲ್ಲೇ ತೋರಿಸಿಕೊಟ್ಟಳು. ಆ ಹುಡುಗಿಯ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ನನ್ನನ್ನು ಕಂಡ ಕೂಡಲೇ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಏನಾಯ್ತು?" ಎಂದರೆ, "ಏನಿಲ್ಲ ದೊಡ್ಡಕ್ಕ, ಸೋಮವಾರದ್ದು, ವಾಸಿ ಆಗಿದೆ" ಎಂದಳು.

ಮಗಳಿಗೆ ಪರೀಕ್ಷೆ ಹತ್ತಿರ ಬಂತು, ದೊಡ್ಡಮ್ಮನ ಆಶೀರ್ವಾದ ಹೇಳು. ಕಣ್ಣು ನೋಯುವಷ್ಟು ಓದಿಸಬೇಡ. ನಿನಗೂ ಒಳ್ಳೆಯದಾಗಲಿ. ಎಷ್ಟು ಬೈದರೂ ನೀನು ನನ್ನ ಬೆನ್ನಿಗೆ ಹುಟ್ಟಿದವಳು, ನಿನಗೆ ಕೆಟ್ಟದ್ದು ಬಯಸಲು ನನಗೆ ಬರುವುದಿಲ್ಲ. ಮೈ ಕೈ ಹುಷಾರು.

ಇತಿ,
ನಿನ್ನ ಅಕ್ಕ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಆ ಹೊಸ ಹುಡುಗಿಯ ಪಟ್ಟಿಯನ್ನು ನಾನು ಬಿಚ್ಚಿಸಿದೆ. ಮೇಲೆ ಅದನ್ನು ಬರೆಯಲಿಲ್ಲ. ವಾಸಿಯಾಗಿರಲಿಲ್ಲ. ಕೀವು ಕಟ್ಟಿತ್ತು. ನಾನೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಬಂದೆ. ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ ಮಾತು, "ನಿಮ್ದು ಮೂರೇ ದಿನಕ್ಕೆ ವಾಸಿ ಆಗಿತ್ತಂತಲ್ಲ ದೊಡ್ಡಕ್ಕ."

ಆಗಿರಲಿಲ್ಲ ಪುಟ್ಟಿ. ನಿನಗೊಬ್ಬಳಿಗೇ ಗೊತ್ತು.

ನನ್ನ ಕೈ ಸುಟ್ಟದ್ದು, ಮೊದಲ ಆಸ್ಪತ್ರೆಯವರು ಲಾಂಡ್ರಿ ನೋಡಲು ಬರುವ ವಾರ. ಗುತ್ತಿಗೆ ಸಿಗದಿದ್ದರೆ ಮನೆ ಖಾಲಿ ಮಾಡಬೇಕಿತ್ತು. ಅಮ್ಮ ಮೂರು ದಿನ ನೋಡೋಣ ಎಂದಳು. ಮೂರನೇ ದಿನ ಅವಳು "ಹೇಗಿದೆ?" ಎಂದಾಗ ಅವಳ ಮುಖ ನೋಡಿ ವಾಸಿಯಾಯಿತು ಎಂದುಬಿಟ್ಟೆ. ಅವಳೂ ಪಟ್ಟಿ ಬಿಚ್ಚಿ ನೋಡಲಿಲ್ಲ. ಅಷ್ಟೇ ನಡೆದದ್ದು. ಆ ಸುಳ್ಳನ್ನೇ ಅಮ್ಮ ನಿಯಮ ಮಾಡಿದಳು, ನಾನು ಇಷ್ಟು ವರ್ಷ ಅದನ್ನು ಹೊಸಬರಿಗೆಲ್ಲ ಹೇಳಿಕೊಟ್ಟೆ. ಆರು ವಾರ ನನ್ನ ಗುಂಡಿ ಹಾಕಿದ್ದು ನೀನು, ಜಡೆ ಹೆಣೆದದ್ದು ನೀನು, ಪಟ್ಟಿ ಬದಲಾಯಿಸಿ ಅದನ್ನು ಸ್ಕೂಲಿನ ಚೀಲದಲ್ಲಿಟ್ಟುಕೊಂಡು ಹೋಗಿ ಹೊರಗೆ ಎಸೆದದ್ದು ನೀನು. ನಿನಗೆ ಹನ್ನೊಂದು ವರ್ಷ. ಯಾರಿಗೂ ಹೇಳಬೇಡ ಎಂದೆ. ನೀನು ಹೇಳಲಿಲ್ಲ. ನನ್ನ ಎಡಗೈಯ ಎರಡು ಬೆರಳು ಮಡಚಿಕೊಂಡದ್ದು ಮಡಚಿಕೊಂಡ ಹಾಗೇ ಉಳಿದವು, ಬಿಸಿ ತಗಲಿದರೂ ಇವತ್ತಿಗೂ ಅವಕ್ಕೆ ಗೊತ್ತಾಗುವುದಿಲ್ಲ. ಮರುವರ್ಷ ಅಮ್ಮ ಬೀಗದ ಕೈ ಗೊಂಚಲನ್ನು ತಂದು ನನ್ನ ಎಡಗೈಯಲ್ಲೇ ಇಟ್ಟು, "ಇದು ಯಾವಾಗ್ಲೂ ಈ ಕೈಯಲ್ಲೇ ಇರ್ಲಿ" ಎಂದಳು. ಅವಳಿಗೆ ಗೊತ್ತಿತ್ತು ಅಂತೀಯಾ? ನಾನು ಕೇಳಲಿಲ್ಲ. ಅವಳೂ ಹೇಳದೆ ಹೋದಳು.

ನಿನ್ನ ಮೇಲೆ ನನಗಿರುವ ಕೋಪ ಆ ಹನ್ನೆರಡನೇ ಸಾಲಿನದ್ದಲ್ಲ. ಅವಳಿಗಾಗಿ ನೀನು ಬರೆದೆ. ನನಗಾಗಿ ಯಾರೂ ಬರೆಯಲಿಲ್ಲ. ನಾನು ಬೇಡ ಎಂದೆ, ನಿಜ. ನೀನು ಯಾಕೆ ನನ್ನ ಮಾತು ಕೇಳಿದೆ?

ಹದಿನಾರಕ್ಕೆ ಬಾ. ಗಡಿಯಾರ ಎದ್ದು ತಪ್ಪು ನನ್ನದು ಎನ್ನುವ ಮೊದಲೇ ನೀನು ಎದ್ದು ನಿಲ್ಲು. "ಅಕ್ಕ, ಆ ಗೊಂಚಲು ಕೆಳಗಿಟ್ಟು ಕೈ ತೋರಿಸು" ಎಂದು ಎಲ್ಲರ ಎದುರು ಹೇಳು. ನಾನಾಗಿ ಇಡಲಾರೆ, ಅಷ್ಟು ಧೈರ್ಯ ನನಗಿಲ್ಲ. ನೀನು ಹೇಳಿದರೆ ಇಡುತ್ತೇನೆ.